ಗಜನಿ ಗದ್ದೆ ಬಗ್ಗೆ ಡೇಟಾಬೇಸಲ್ಲಿ ಹುಡುಕಿದ್ರೆ ಒಂದೋ ಸಾವಿರಗಟ್ಟಲೆ ಬರ್ತದೆ, ಇಲ್ಲಾ ಸೊನ್ನೆ. ಹೇಗೆ ಹುಡುಕೋದು?

ಪ್ರಶ್ನೆ ಓದ್ದೆ. ನೀವು ಹೇಳಿದ್ದು ಇಷ್ಟು: ಕಾರವಾರದಲ್ಲಿ ಪಿಜಿ, ಪ್ರಾಜೆಕ್ಟ್ ಅಘನಾಶಿನಿ ಅಳಿವೆಯ (ನದಿ ಸಮುದ್ರ ಸೇರೋ ಜಾಗದ) ಗಜನಿ ಗದ್ದೆ ಮತ್ತೆ ಅಲ್ಲಿ ಬೆಳೆಯೋ, ಉಪ್ಪು ತಾಳೋ ಕಗ್ಗ ಭತ್ತದ ಮೇಲೆ, ಲೈಬ್ರರಿ ಡೇಟಾಬೇಸಲ್ಲಿ ಪ್ರಾಜೆಕ್ಟಿನ ಹೆಸರು ಪೂರ್ತಿ ಹಾಕಿ ಹುಡುಕಿದ್ರೆ ಸೊನ್ನೆ, ಬರೀ ರೈಸ್ ಸ್ಯಾಲಿನಿಟಿ ಅಂತ ಹಾಕಿದ್ರೆ ಜನ್ಮದಲ್ಲಿ ಓದಿ ಮುಗಿಯದಷ್ಟು, ಅತ್ಲಾಗೆ ಗೈಡ್, ಹಿಂದೆ ಆದ ಕೆಲಸದ ರಿವ್ಯೂ ಚಾಪ್ಟರ್ ಎಲ್ಲಿ ಅಂತ ಕೇಳ್ತಾ ಇದ್ದಾರೆ. ನಂದು ಊರು ಕುಮಟಾ ಹತ್ರ, ಕೆಲಸ ಶಿರಸಿ ಕಡೆ ಒಂದು ಕಾಲೇಜ್ ಲೈಬ್ರರಿಯಲ್ಲಿ, ಇದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕ್ಕೊಂಡು ನನ್ನ ಟೇಬಲ್ಲಿಗೆ ಬರ್ತಾನೇ ಇರ್ತದೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ. ಸರ್ಚ್ ಪದಗಳನ್ನ ಇಲ್ಲಿ ಕನ್ನಡದಲ್ಲಿ ಬರೆದ್ರೂ ನೀವು ಟೈಪ್ ಮಾಡ್ಬೇಕಾದ್ದು ಇಂಗ್ಲಿಷಲ್ಲೇ, ಅದೊಂದು ನೆನಪಿರಲಿ.

ಮೊದ್ಲೇ ಹೇಳ್ಬಿಡ್ತೀನಿ, ಎಲ್ಲರೂ ಸರ್ಚ್ ಪದಗಳನ್ನ ಜೋಡಿಸೋ ಆ್ಯಂಡ್-ಆರ್-ನಾಟ್ ಕಲೀರಿ ಅಂತಾರೆ, ಅದು ಹತ್ತು ನಿಮಿಷದ ಕೆಲಸ. ನಿಮ್ಮ ತೊಂದ್ರೆ ಅಲ್ಲಿಲ್ಲ. ನೀವು ಹಾಕ್ತಿರೋ ಪದ ಒಂದು, ಪೇಪರ್ ಬರೆದವರು ಬಳಸಿದ ಪದ ಇನ್ನೊಂದು. ಈ ಡೇಟಾಬೇಸ್‌ಗಳಲ್ಲಿ ಹೆಚ್ಚಿನವು ನೀವು ಕೊಟ್ಟ ಅಕ್ಷರ ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ ಉಂಟಾ ಅಂತ ನೋಡ್ತವೆ ಅಷ್ಟೇ, ಗಜನಿ ಅಂದ್ರೆ ಉಪ್ಪುನೀರು ಹತ್ತಿ ಇಳಿಯೋ ಗದ್ದೆ ಅಂತ ಅವುಕ್ಕೆ ಯಾರು ಹೇಳ್ಕೊಡ್ಬೇಕು.

ಹಾಗಾಗಿ ಕಂಪ್ಯೂಟರ್ ಮುಂದೆ ಕೂತ್ಕೊಳ್ಳೋಕ್ಕಿಂತ ಮೊದ್ಲು ಒಂದು ಹಾಳೆ ತಗೊಂಡು ನಿಮ್ಮ ವಿಷಯದ ಅಡ್ಡಹೆಸರುಗಳನ್ನೆಲ್ಲಾ ಬರೀರಿ. ಗಜನಿಯನ್ನ ಇಂಗ್ಲಿಷಲ್ಲಿ ಒಬ್ಬರು ಝೆಡ್ ಹಾಕಿ ಬರೀತಾರೆ, ಒಬ್ಬರು ಜೆ ಹಾಕ್ತಾರೆ, ನಡುವಿನ ಎ ಕೆಲವರು ಇಡ್ತಾರೆ ಕೆಲವರು ನುಂಗ್ತಾರೆ, ಆ ಎ ನುಂಗಿದ ಸ್ಪೆಲಿಂಗ್ ಒಂದನ್ನೇ ಹಾಕಿದ್ರೆ ಅಫ್ಘಾನಿಸ್ತಾನದ ಘಜ್ನಿ ಬಂದು ಕೂತ್ಕೊಳ್ತಾನೆ. ಕಗ್ಗ ಅಂತ ಒಂದೇ ಪದ ಹಾಕಿದ್ರೆ ಡಿವಿಜಿ ಕಗ್ಗದ ಮೇಲಿನ ಸಾಹಿತ್ಯ ಲೇಖನಗಳು. ನದಿ ಹೆಸರು ಅಘನಾಶಿನಿ ಹೌದು, ಆದ್ರೆ ಅಳಿವೆ ಬಗ್ಗೆ ಬರೆದವರು ತದಡಿ ಅಂತಾನೂ ಹಾಕಿರ್ತಾರೆ, ಅದರಲ್ಲೂ ಟಿ-ಎ-ಡಿ-ಆರ್-ಐ ಅಂತ ಒಂದು, ಟಿ-ಎ-ಡಿ-ಎ-ಡಿ-ಐ ಅಂತ ಒಂದು. ಜಿಲ್ಲೆ ಹೆಸರಂತೂ ಕೇಳ್ಬೇಡಿ, ಉತ್ತರ ಕನ್ನಡ, ನಾರ್ತ್ ಕೆನರಾ, ಅದರಲ್ಲಿ ಸಿ ಹಾಕಿದ್ದು ಒಂದು ಕೆ ಹಾಕಿದ್ದು ಒಂದು, ಹಳೇದಾದ್ರೆ ಬರೀ ಕೆನರಾ. 1862ರಿಂದ 1956ರ ತನಕ ನಾವು ಬಾಂಬೆ ಕಡೆ ಇದ್ದವರು, ಅದಕ್ಕೇ ಆ ಕಾಲದ ದಾಖಲೆ ಬೇಕಾದ್ರೆ ಕರ್ನಾಟಕ ಅಥವಾ ಮೈಸೂರು ಅಂತ ಹುಡುಕಿದ್ರೆ ಕೈಗೆ ಹತ್ತೋದಿಲ್ಲ, ಬಾಂಬೆ ಪ್ರೆಸಿಡೆನ್ಸಿ, ಸ್ವಾತಂತ್ರ್ಯದ ನಂತರದ್ದಾದ್ರೆ ಬಾಂಬೆ ಸ್ಟೇಟ್ ಅಂತ ಹಾಕ್ಬೇಕು. ಬಾಂಬೆ ಗೆಝೆಟಿಯರಿನ ಕೆನರಾ ಸಂಪುಟ 1883ರದ್ದು, ಸ್ಕ್ಯಾನ್ ಆನ್‌ಲೈನ್ ಸಿಗ್ತದೆ, ಒಂದ್ಸಲ ತೆಗೆದು ಆಗ ಊರುಗಳ ಹೆಸರು ಹೇಗೆ ಬರೀತಿದ್ರು ನೋಡ್ಕೊಳ್ಳಿ. ಉಪ್ಪುನೀರು ನುಗ್ಗೋ ನೆಲಕ್ಕೆ ಇನ್ನೊಂದು ಪದ ಖಾರ್‌ಲ್ಯಾಂಡ್. ಬಾಂಬೆ ಖಾರ್ ಲ್ಯಾಂಡ್ಸ್ ಆ್ಯಕ್ಟ್ ಅಂತ 1948ರಲ್ಲೇ ಒಂದು ಕಾಯ್ದೆ ಇತ್ತು, ಒಡ್ಡಿನ ಬಗ್ಗೆ ಸರ್ಕಾರಿ ಭಾಷೆಯಲ್ಲಿ ಇವತ್ತಿಗೂ ಅದೇ ಪದ ಓಡ್ತದೆ, ಗಜನಿ ಅಂತ ಹುಡುಕಿದವರಿಗೆ ಈ ಕಂತೆ ಕಾಣೋದೇ ಇಲ್ಲ.

ಇದೇ ಹಾಳೆಯಲ್ಲಿ ಎರಡನೇ ಕಾಲಂ ಮಾಡಿ, ಅದರಲ್ಲಿ ವಿಜ್ಞಾನದವರ ಪದಗಳು: ಸಾಲ್ಟ್ ಟಾಲರೆಂಟ್ ರೈಸ್, ಕೋಸ್ಟಲ್ ಸಲೈನ್ ಸಾಯಿಲ್, ಲ್ಯಾಂಡ್‌ರೇಸ್, ಟ್ರೆಡಿಶನಲ್ ವೆರೈಟಿ, ಒರೈಝಾ ಸಟೈವಾ (ಭತ್ತದ ವೈಜ್ಞಾನಿಕ ಹೆಸರು), ಗದ್ದೆಯಲ್ಲೇ ಸಿಗಡಿ ಮೀನು ಬರೋದ್ರಿಂದ ರೈಸ್-ಫಿಶ್, ರೈಸ್-ಶ್ರಿಂಪ್. ಮೂರನೇ ಕಾಲಂ ನಮ್ಮ ನೆಂಟರದ್ದು. ಕೇರಳದ ಪೊಕ್ಕಾಳಿ, ಅದರ ಉತ್ತರಕ್ಕೆ ಕೈಪಾಡ್, ಗೋವಾದ ಖಾಝಾನ್, ಎಲ್ಲಾ ಹೆಚ್ಚುಕಮ್ಮಿ ನಮ್ಮ ಗಜನಿ ತರದ್ದೇ ವ್ಯವಸ್ಥೆ. ಸೊನ್ನೆ ಬಂದಾಗ ಮೇಲೆ ಹತ್ತೋದು ಈ ಕಾಲಮಿನ ಮೂಲಕ. ಕಗ್ಗದ ಮೇಲೆ ಪೇಪರ್ ಕಮ್ಮಿ, ಪೊಕ್ಕಾಳಿ ಮೇಲೆ ಸಿಕ್ಕಾಪಟ್ಟೆ, ಅವನ್ನ ಓದಿ ಅಲ್ಲಿ ಇಂಥಿಂಥದ್ದು ನೋಡಿದ್ದಾರೆ, ಅಘನಾಶಿನಿಯಲ್ಲಿ ಅದು ಆಗಿಲ್ಲ ಅಂತ ತೋರಿಸಿದ್ರೆ ರಿವ್ಯೂ ಚಾಪ್ಟರಿಗೆ ಅದೇ ಗಟ್ಟಿ ಸಾಮಾನು.

ಈಗ ಆಪರೇಟರ್ ವಿಷಯ, ಬೇಗ ಮುಗಿಸ್ತೀನಿ. ಒಂದೇ ಕಾಲಮಿನ ಪದಗಳ ನಡುವೆ ಆರ್ (ಯಾವುದಾದ್ರೂ ಒಂದಿದ್ರೆ ಸಾಕು), ಒಂದನೇ ಮತ್ತೆ ಎರಡನೇ ಕಾಲಂ ನಡುವೆ ಆ್ಯಂಡ್ (ಎರಡೂ ಇರ್ಬೇಕು), ಸೊನ್ನೆ ಬಂದ್ರೆ ಒಂದನೆಯದ್ರ ಬದ್ಲು ಮೂರನೆಯದು, ಪ್ರತಿ ಕಾಲಮಿಗೂ ಒಂದು ಬ್ರ್ಯಾಕೆಟ್. ಬ್ರ್ಯಾಕೆಟ್ ಬಿಡ್ಬೇಡಿ ಮಾರಾಯ್ರೆ, ವೈದ್ಯಕೀಯ ಪೇಪರ್‌ಗಳಿರೋ ಪಬ್‌ಮೆಡ್ ಎಡದಿಂದ ಬಲಕ್ಕೆ ಸೀದಾ ಓದ್ಕೊಂಡು ಹೋಗ್ತದೆ, ವೆಬ್ ಆಫ್ ಸೈನ್ಸ್ ಆದ್ರೆ ಆರ್‌ಗಿಂತ ಮೊದ್ಲು ಆ್ಯಂಡ್ ನೋಡ್ತದೆ, ಒಂದೇ ಸಾಲು ಎರಡು ಕಡೆ ಎರಡು ಉತ್ತರ ಕೊಡ್ತದೆ. ಆಪರೇಟರ್ ಯಾವಾಗ್ಲೂ ದೊಡ್ಡಕ್ಷರದಲ್ಲಿ ಹಾಕಿ, ಕೆಲವು ಕಡೆ ಬೇಕಾಗಿಲ್ಲ ಆದ್ರೂ ರೂಢಿ ಒಳ್ಳೇದು. ಕೂಡಿ ಬರಬೇಕಾದ ಪದಕ್ಕೆ ಡಬಲ್ ಕೋಟ್. ನಕ್ಷತ್ರ ಚಿಹ್ನೆ ಪದದ ಬುಡಕ್ಕೆ ಹಾಕಿದ್ರೆ ಬಾಲ ಏನಿದ್ರೂ ಹಿಡೀತದೆ, ಇ-ಎಸ್-ಟಿ-ಯು-ಎ-ಆರ್ ಬರೆದು ನಕ್ಷತ್ರ ಹಾಕಿದ್ರೆ ಎಸ್ಚುರಿ, ಎಸ್ಚುರೀಸ್, ಎಸ್ಚುರೈನ್ ಮೂರೂ ಬರ್ತವೆ. ಆದ್ರೆ ಎಸ್-ಎ-ಎಲ್‌ಗೇ ನಕ್ಷತ್ರ ಹಾಕಿದ್ರೆ ಸ್ಯಾಲರಿ, ಸಾಲ್ಮನ್ ಎಲ್ಲಾ ಬಂದು ಮನೆ ತುಂಬ್ತದೆ, ಎಸ್-ಎ-ಎಲ್-ಐ-ಎನ್ ತನಕ ಹೋಗಿ ನಿಲ್ಲಿ. ಗೂಗಲ್ ಸ್ಕಾಲರಲ್ಲಿ ಈ ನಕ್ಷತ್ರ ನಡೆಯೋದಿಲ್ಲ, ಅಲ್ಲಿ ಸರ್ಚ್ ಸಾಲು 256 ಅಕ್ಷರಕ್ಕಿಂತ ಉದ್ದ ಹೋಗೋ ಹಾಗಿಲ್ಲ, ಎಷ್ಟು ಲಕ್ಷ ರಿಸಲ್ಟ್ ಅಂತ ಮೇಲೆ ಬರೆದ್ರೂ ನೋಡೋಕೆ ಸಿಗೋದು ಮೊದಲ ಸಾವಿರ ಮಾತ್ರ. ಹಾಗಾಗಿ ಉದ್ದದ ಸಾಲು ಸ್ಕೋಪಸ್, ವೆಬ್ ಆಫ್ ಸೈನ್ಸ್ ತರದ ಡೇಟಾಬೇಸಿಗೆ ಇಟ್ಕೊಳ್ಳಿ, ಸ್ಕಾಲರಿಗೆ ತುಂಡು ತುಂಡು ಮಾಡಿ ಹಾಕಿ.

ರಿಸಲ್ಟ್ ಜಾಸ್ತಿ ಬಂದ್ರೆ ನಮ್ಮ ಹುಡುಗರು ಮೊದ್ಲು ಮಾಡೋದು ವರ್ಷದ ಫಿಲ್ಟರ್ ಹಾಕೋದು, ಕಳೆದ ಐದು ವರ್ಷ ಅಂತ. ನಂಗೆ ಅದು ಸರಿ ಕಾಣೋದಿಲ್ಲ. ನಮ್ಮ ಜಿಲ್ಲೆಯ ಮೇಲೆ ಕೆಲಸ ಆಗಿದ್ದೇ ಬೆರಳೆಣಿಕೆ, ಅದ್ರಲ್ಲಿ ಹಳೇದನ್ನ ಕತ್ತರಿಸಿ ಎಸೆದ್ರೆ ಉಳಿಯೋದೇನು? ಅದ್ರ ಬದ್ಲು ಎಲ್ಲಿ ಹುಡುಕ್ಬೇಕು ಅನ್ನೋದನ್ನ ಬಿಗಿ ಮಾಡಿ. ಸ್ಕೋಪಸಲ್ಲಿ ಎಲ್ಲಾ ಫೀಲ್ಡ್ ಅಂತ ಬಿಟ್ಟು ಕಾರವಾರ ಅಂತ ಹುಡುಕಿದ್ರೆ ಕೋಡಿಬಾಗದ ಮರೈನ್ ಬಯಾಲಜಿ ವಿಭಾಗದವರು ಎಲ್ಲಿ ಯಾವ ಸಮುದ್ರದ ಮೇಲೆ ಬರೆದಿದ್ರೂ ವಿಳಾಸದಲ್ಲಿ ಕಾರವಾರ ಇರೋದ್ರಿಂದ ಎಲ್ಲಾ ಬರ್ತದೆ. ಹೊನ್ನಾವರ ಅಂತ ಹಾಕಿದ್ರೆ ಇನ್ನೂ ಚೆಂದ, ಆ ಅಡ್ಡಹೆಸರಿನ ಲೇಖಕರು ಇರೋದ್ರಿಂದ ಕಣ್ಣಿನ ಕ್ಯಾನ್ಸರ್ ಪೇಪರ್‌ಗಳು ಬರ್ತವೆ. ಶೀರ್ಷಿಕೆ, ಸಾರಾಂಶ, ಕೀವರ್ಡ್ ಈ ಮೂರರಲ್ಲಿ ಮಾತ್ರ ಅಂತ ಆರಿಸಿದ್ರೆ ಮುಕ್ಕಾಲು ಕಸ ಅಲ್ಲೇ ಹೋಗ್ತದೆ. ಇದನ್ನೇ ಉಲ್ಟಾ ಕೂಡ ಬಳಸ್ಬಹುದು, ಬೇಕಂತಲೇ ವಿಳಾಸದ ಫೀಲ್ಡಲ್ಲಿ ಕಾರವಾರ ಅಂತ ಹುಡುಕಿದ್ರೆ ನಿಮ್ಮ ಹತ್ರದಲ್ಲೇ ಯಾರು ಏನು ಕೆಲಸ ಮಾಡ್ತಿದ್ದಾರೆ ಗೊತ್ತಾಗ್ತದೆ, ಬಸ್ ಹತ್ತಿ ಹೋಗಿ ಮಾತಾಡ್ಸಿ ಬರ್ಬಹುದು.

ಈ ಪದ ಇರೋ ಪೇಪರ್ ಬೇಡ ಅನ್ನೋ ನಾಟ್ ಬಗ್ಗೆ ಒಂದು ಎಚ್ಚರಿಕೆ. ಸಿಗಡಿ ಕೃಷಿ ಪೇಪರ್ ತುಂಬಾ ಬರ್ತದೆ ಅಂತ ನಾಟ್ ಶ್ರಿಂಪ್ ಹಾಕ್ತೀರಿ ಅಂತಿಟ್ಕೊಳ್ಳಿ, ಭತ್ತ ಮತ್ತೆ ಸಿಗಡಿ ಎರಡನ್ನೂ ಹೋಲಿಸಿದ ಪೇಪರ್, ಅಂದ್ರೆ ನಿಮ್ಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದೇ ಮಾಯ ಆಗ್ತದೆ, ಮಾಯ ಆಗಿದ್ದು ನಿಮ್ಗೆ ತಿಳಿಯೋದೂ ಇಲ್ಲ. ಘಜ್ನಿಯನ್ನ ಓಡಿಸೋಕೆ ನಾಟ್ ಅಫ್ಘಾನಿಸ್ತಾನ್ ಹಾಕಿ, ಅಷ್ಟು ಸಾಕು.

ಸಬ್ಜೆಕ್ಟ್ ಹೆಡಿಂಗ್ ಅನ್ನೋದು ಇನ್ನೊಂದುಂಟು, ಇದನ್ನ ಯಾರೂ ಮುಟ್ಟೋದೇ ಇಲ್ಲ. ಕೆಲವು ಡೇಟಾಬೇಸಲ್ಲಿ ಪ್ರತಿ ಪೇಪರಿಗೂ ಒಂದು ನಿಗದಿ ಪಟ್ಟಿಯಿಂದ ಪದ ಅಂಟಿಸಿರ್ತಾರೆ. ಪಬ್‌ಮೆಡಲ್ಲಿ ಅದಕ್ಕೆ ಮೆಶ್ ಅಂತಾರೆ. ಸಿದ್ದಾಪುರ ಕಡೆ ಮಂಗನ ಕಾಯಿಲೆ ಮೇಲೆ ಕೆಲಸ ಮಾಡೋ ಹುಡುಗಿ ಒಬ್ಬಳಿಗೆ ಮಂಕಿ ಫೀವರ್, ಕೆಎಫ್‌ಡಿ ಅಂತ ಏನೇನೋ ಹುಡುಕೋ ಬದ್ಲು ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅನ್ನೋ ಮೆಶ್ ಪದ ಹಿಡಿ ಅಂದೆ, ಪೇಪರ್ ಬರೆದವರು ಏನೇ ಕರೆದಿರ್ಲಿ, ಆ ಪದ ಅಂಟಿಸಿದ್ದೆಲ್ಲಾ ಒಂದೇ ಕಡೆ ಬಂತು. ಹೊಸ ಪೇಪರಿಗೆ ಪದ ಅಂಟಿಸೋಕೆ ಸ್ವಲ್ಪ ತಡ ಆಗೋದುಂಟು, ಹಾಗಾಗಿ ಮಾಮೂಲಿ ಪದಾನೂ ಆರ್ ಹಾಕಿ ಜೊತೆಗಿಡಿ ಅಂತಾನೂ ಹೇಳಿದ್ದೆ. ನಿಮ್ಮ ವಿಷಯಕ್ಕಾದ್ರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದ್ರೆ ಎಫ್‌ಎಓದವರ ಆಗ್ರೊವಾಕ್ ಅಂತ ಪದಪಟ್ಟಿ ಉಂಟು, ಅವರದ್ದೇ ಆಗ್ರಿಸ್ ಡೇಟಾಬೇಸ್ ಫ್ರೀ. ಅಲ್ಲಿ ಒಂದು ಸರಿಯಾದ ಪೇಪರ್ ಸಿಕ್ಕಿದ್ರೆ ಕೆಳಗೆ ಯಾವ ಪದ ಹಾಕಿದ್ದಾರೆ ನೋಡಿ ಅದನ್ನೇ ನಿಮ್ಮ ಹಾಳೆಗೆ ಸೇರಿಸಿ.

ಒಂದು ಸರಿಯಾದ ಪೇಪರ್ ಅಂದ್ನಲ್ಲ, ನಿಜ ಹೇಳ್ಬೇಕಂದ್ರೆ ಅರ್ಧ ಕೆಲಸ ಅಲ್ಲೇ ಆಗ್ತದೆ. ಅದರ ಕೊನೆಯ ರೆಫರೆನ್ಸ್ ಪಟ್ಟಿ ಹಿಡಿದು ಹಿಂದಕ್ಕೆ ಹೋಗಿ, ಸೈಟೆಡ್ ಬೈ (ಅದನ್ನ ಉಲ್ಲೇಖಿಸಿದ ಪೇಪರ್‌ಗಳ ಪಟ್ಟಿ) ಒತ್ತಿ ಮುಂದಕ್ಕೆ ಬನ್ನಿ, ಆಮೇಲೆ ಆ ಸೈಟೆಡ್ ಬೈ ಒಳಗೇ ಮತ್ತೆ ಸರ್ಚ್ ಮಾಡೋ ಟಿಕ್ ಬಾಕ್ಸ್ ಸ್ಕಾಲರಲ್ಲಿ ಉಂಟು, ಅದ್ರಲ್ಲಿ ಕರ್ನಾಟಕ ಅಂತ ಹಾಕಿ ನೋಡಿ. ಹೀಗೆ ಎರಡು ಮೂರು ದಾರಿಯಿಂದ ಹೋದ್ರೂ ಅದದೇ ಪೇಪರ್ ಎದುರಾಗೋಕೆ ಶುರುವಾದ್ರೆ ಹುಡುಕೋದು ನಿಲ್ಸಿ ಓದೋಕೆ ಕೂತ್ಕೊಳ್ಳಿ.

ಇನ್ನು ಡೇಟಾಬೇಸಿನ ಹೊರಗಿಂದು. ಅಘನಾಶಿನಿ ಬಗ್ಗೆ ಸುಮಾರು ಮಾಹಿತಿ ಜರ್ನಲಲ್ಲಿ ಇಲ್ಲವೇ ಇಲ್ಲ. ಬೆಂಗಳೂರಿನ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರದವರ ಟೆಕ್ನಿಕಲ್ ರಿಪೋರ್ಟ್‌ಗಳು ಅವರ ವೆಬ್‌ಸೈಟಲ್ಲೇ ಇರ್ತವೆ. ಮೀನುಗಾರಿಕೆಗೆ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದ್ರೆ ಸಿಎಂಎಫ್‌ಆರ್‌ಐನವರ ಇಪ್ರಿಂಟ್ಸ್ ಭಂಡಾರ, ಅವರ ಕೇಂದ್ರ ಕಾರವಾರದಲ್ಲೇ ಉಂಟು. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಅಂಥ ಜಾಗಗಳಿಗೆ ರಾಮ್ಸಾರಿನವರು ಒಂದು ಮಾಹಿತಿ ಹಾಳೆ ಇಡ್ತಾರೆ, ಅದನ್ನೂ ತೆಗೆದು ನೋಡಿ. ಥೀಸಿಸ್ ಅಂದ್ರೆ ಎಲ್ಲರೂ ಶೋಧಗಂಗಾ ಅಂತಾರೆ, ಸರಿ, ಆದ್ರೆ ಭತ್ತದ ವಿಷಯ ಕೃಷಿ ವಿವಿಗಳದ್ದು, ಧಾರವಾಡ ಕೃಷಿ ವಿವಿ ಥೀಸಿಸ್ ಬೇಕಾದ್ರೆ ಕೃಷಿಕೋಶ ಅನ್ನೋ ಬೇರೆ ಭಂಡಾರದಲ್ಲಿ ನೋಡಿ. ಕನ್ನಡದಲ್ಲಿ ಬರೆದ ಥೀಸಿಸ್ ಹುಡುಕ್ವಾಗ ಒಂದು ತಾಪತ್ರಯ ಉಂಟು: ಎಷ್ಟೋ ಪಿಡಿಎಫ್ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು, ಯೂನಿಕೋಡ್ ಅಲ್ಲ, ಒಳಗೆ ಗಜನಿ ಅಂತ ನೂರು ಸಲ ಇದ್ರೂ ನಿಮ್ಮ ಸರ್ಚಿಗೆ ಒಂದೂ ಸಿಗೋದಿಲ್ಲ. ಅಂಥವನ್ನ ಶೀರ್ಷಿಕೆ ಮತ್ತೆ ವಿಭಾಗದ ಹೆಸರು ಹಿಡಿದೇ ಹುಡುಕ್ಬೇಕು, ಕನ್ನಡ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಅಕ್ಷರದಲ್ಲೊಮ್ಮೆ.

ಫುಲ್ ಪೇಪರ್ ತೆರೆಯೋದಿಲ್ಲ ಅಂತಾನೂ ಬರೆದಿದ್ರಿ. 2025ರ ಜನವರಿ 1ರಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್ ಶುರುವಾಗಿದೆ, 30 ಪ್ರಕಾಶಕರ ಸುಮಾರು 13,000 ಜರ್ನಲ್, ಸರ್ಕಾರಿ ವಿವಿ ಕಾಲೇಜಿನವರಿಗೆ. ಇದು ಪೇಪರ್ ಓದೋಕೆ, ಸ್ಕೋಪಸ್ ತರದ ಇಂಡೆಕ್ಸ್ ನಿಮ್ಮ ವಿವಿಯಲ್ಲಿ ಉಂಟೋ ಇಲ್ವೋ ಅದು ಬೇರೆ ವಿಷಯ. ಹೊರಗಿಂದ ಲಾಗಿನ್ ಆಗೋ ಐಡಿ ಲೈಬ್ರರಿಯಲ್ಲಿ ಕೇಳಿ ತಗೊಳ್ಳಿ, ಮಳೆಗಾಲದಲ್ಲಿ ಕ್ಯಾಂಪಸಿಗೆ ಹೋಗೋದೇ ಒಂದು ಸಾಹಸ. ಎಐ ಚಾಟಿಗೆ ಕೇಳಿ ರೆಫರೆನ್ಸ್ ತಗೊಳ್ತೀರಾದ್ರೆ ಪ್ರತಿಯೊಂದರ ಡಿಒಐ (ಪೇಪರಿನ ಕಾಯಂ ಗುರುತಿನ ಸಂಖ್ಯೆ) ತೆರೆದು ನೋಡಿ, ಇಲ್ಲದ ಪೇಪರಿಗೆ ಇರೋ ಲೇಖಕರ ಹೆಸರು ಕಟ್ಟಿ ಕೊಡ್ತದೆ ಅದು. ಪರ್ಯಾಯ ಪದಗಳ ಪಟ್ಟಿ ಮಾಡೋಕೆ ಬಳಸಿ, ತೊಂದ್ರೆ ಇಲ್ಲ.

ಪ್ರತಿ ಸರ್ಚಿನ ತಾರೀಕು, ಡೇಟಾಬೇಸ್, ಟೈಪ್ ಮಾಡಿದ ಸಾಲು ಇದ್ದ ಹಾಗೇ, ಎಷ್ಟು ಬಂತು, ಎಷ್ಟು ಇಟ್ಕೊಂಡ್ರಿ, ಇಷ್ಟನ್ನ ಒಂದು ಎಕ್ಸೆಲ್ಲಲ್ಲಿ ಬರೆದಿಡಿ, ವೈವಾದಲ್ಲಿ ಈ ವಿಷಯದ ಮೇಲೆ ಹೆಚ್ಚು ಕೆಲಸ ಆಗಿಲ್ಲ ಅಂತ ನೀವಂದ್ರೆ ಎಲ್ಲೆಲ್ಲಿ ಹುಡುಕಿದ್ರಿ ಅಂತ ಕೇಳೇ ಕೇಳ್ತಾರೆ. ಮತ್ತೆ ಈ ವಾರ ಸಮಯ ಆದ್ರೆ ಮಾಣಿಕಟ್ಟಾ ಕಡೆ ಹೋಗಿ ಕಗ್ಗ ಬೆಳೆಯೋ ನಾಲ್ಕು ಜನರನ್ನ ಮಾತಾಡ್ಸಿ, ಒಡ್ಡಿಗೆ, ನೀರಿಗೆ, ಮಣ್ಣಿಗೆ ಅವರು ಬಳಸೋ ಪದಗಳನ್ನೂ ಆ ಹಾಳೆಗೆ ಹತ್ತಿಸಿ. ಆಮೇಲೆ ಆ ಪದ ಯಾವ ರಿಪೋರ್ಟಲ್ಲಿ ಯಾವ ಸ್ಪೆಲಿಂಗಲ್ಲಿ ಅಡಗಿದೆ ಅಂತ ಹುಡುಕೋಕೆ ಆಗ್ತದೆ.