ಪ್ರತಿಕ್ರಿಯೆ: ನೀತಿ ಬೇರೆ, ಸವಿ ಬೇರೆಯೇ?

ನಮಸ್ಕಾರ. ಮಗಳಿಗೆ ಪುಣ್ಯಕೋಟಿಯ ಕಥೆ ಹೇಳಿದ ಮೇಲೆ ಅದರ ನೀತಿಯನ್ನು ಪ್ರತ್ಯೇಕವಾಗಿ ವಿವರಿಸಬೇಕೇ, ಕಥೆಯ ಸವಿಯಷ್ಟೇ ಸಾಕೇ ಎಂದು ತಾವು ಕೇಳಿದ್ದೀರಿ. ವಿವರಿಸುವ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ. ‘ಸತ್ಯವನ್ನೇ ನುಡಿಯಬೇಕು’ ಎಂಬ ನೀತಿಯನ್ನು ಕಥೆಯಿಂದ ಹೊರತೆಗೆದರೆ ಉಳಿಯುವುದು ಯಾವ ಪಠ್ಯಪುಸ್ತಕದಲ್ಲಾದರೂ ಸಿಗುವ ಮಾತು; ಆದರೆ ಸಾಯಲು ಹೊರಟ ಹಸು ಕರುವಿಗೆ ಕೊನೆಯ ಬಾರಿ ಹಾಲುಣಿಸಿ, ಮುಂದೆ ಬಂದರೆ ಹಾಯದಂತೆ, ಹಿಂದೆ ಬಂದರೆ ಒದೆಯದಂತೆ ಉಳಿದ ಹಸುಗಳಲ್ಲಿ ಬೇಡಿಕೊಳ್ಳುವುದನ್ನು ಕೇಳುತ್ತ ಕಣ್ಣು ತುಂಬಿಕೊಂಡ ಮಗುವಿಗೆ, ಕೊಟ್ಟ ಮಾತಿನ ಬೆಲೆ ಎಷ್ಟೆಂಬುದು ಆ ಕಣ್ಣೀರಿನಲ್ಲೇ ತಿಳಿದಿರುತ್ತದೆ. 9ನೆಯ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನನು ಕಾವ್ಯದ ಧ್ವನ್ಯರ್ಥವನ್ನು, ಅಂದರೆ ನೇರವಾಗಿ ಹೇಳದೆಯೇ ಹೊಳೆಯುವ ಅರ್ಥವನ್ನು, ಹೆಣ್ಣಿನ ಲಾವಣ್ಯಕ್ಕೆ ಹೋಲಿಸುತ್ತಾನೆ: ಅದು ಅವಯವಗಳಿಗಿಂತ ಬೇರೆಯಾಗಿ ಹೊಳೆಯುತ್ತದೆ, ಆದರೆ ಅವುಗಳನ್ನು ಬಿಟ್ಟು ಎಲ್ಲಿಯೂ ಇರಲಾರದು. ಕಥೆಯ ನೀತಿಯೂ ಹಾಗೆಯೇ.

ಇನ್ನು ಹುಲಿಯ ಸಾವು. ಹಸುವನ್ನು ತಿನ್ನಲಾರದೆ ಅದು ತಾನೇ ಪ್ರಾಣ ಬಿಡುವುದು ‘ಸತ್ಯಕ್ಕೆ ಜಯ’ ಎಂಬ ಸೂತ್ರದೊಳಗೆ ಸರಿಯಾಗಿ ಕೂರುವುದಿಲ್ಲ (ನನಗಂತೂ ಚಿಕ್ಕಂದಿನಲ್ಲಿ ಹುಲಿಯ ಮೇಲೆಯೇ ಹೆಚ್ಚು ಮರುಕವಿತ್ತು). ‘ಹುಲಿ ಯಾಕೆ ಸತ್ತಿತು?’ ಎಂದು ಮಗಳು ತಾನಾಗಿ ಕೇಳಿದರೆ ಮಾತಾಡಿ. ಆಗಲೂ ಉತ್ತರ ಕೊಡುವ ಮೊದಲು ಆ ಪದ್ಯಗಳನ್ನು ಇನ್ನೊಮ್ಮೆ ಹಾಡಿಬಿಡಿ.