ಡಿಸೆಂಬರ್‌ನಲ್ಲಿ ಅಂಡಮಾನ್: ಥಂಡಿ ಬಿಡಿ, ಗಾಳಿ ಕೇಳಿ

ಬಾಗಲಕೋಟೆಯಿಂದ ಡಿಸೆಂಬರ್ ಮೂರನೇ ವಾರ ಮನೆಮಂದಿಯೆಲ್ಲ ಅಂಡಮಾನ್‌ಗೆ ಹೊರಟಿದ್ದೀರಿ, ಜೊತೆಗೆ ವಯಸ್ಸಾದ ತಾಯಿ ಇದ್ದಾರೆ. ಅಲ್ಲಿ ಥಂಡಿ ಎಷ್ಟು, ಸ್ವೆಟರ್ ಬೇಕಾ, ಸಮುದ್ರ ಗೋವಾದ ಹಾಗೆ ಶಾಂತವಾಗಿ ಇರುತ್ತದಾ ಎಂದು ಕೇಳಿದ್ದೀರಿ.

ಸ್ವೆಟರ್ ಬೇಡ. ಬೆಂಗಳೂರಿನ ವಿಮಾನ ನಿಲ್ದಾಣದ ತನಕ ಬೇಕಾದರೆ ಹಾಕಿಕೊಳ್ಳಿ. ಅಲ್ಲಿಂದ ಮುಂದೆ ಅದು ಸುಮ್ನೆ ಬ್ಯಾಗಿನ ಭಾರ.

ನಾನು ವಿಜಯಪುರದವನು. ಕಟ್ಟಡ ಕಾಮಗಾರಿಯ ಕೆಲಸದ ಮೇಲೆ ಪೋರ್ಟ್ ಬ್ಲೇರ್‌ನಲ್ಲಿ ಕೆಲವು ವರ್ಷ ಇದ್ದೆ. 2024ರಲ್ಲಿ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟರು. ಹಾಗಾಗಿ ವಿಜಯಪುರದಿಂದ ವಿಜಯಪುರಕ್ಕೇ ಹೋಗಿದ್ದೆ ಎಂದು ಈಗ ನಾನು ತಮಾಷೆ ಮಾಡಬಹುದು. ಟಿಕೆಟ್‌ನಲ್ಲಿ ಎರಡರಲ್ಲಿ ಯಾವ ಹೆಸರು ಕಂಡರೂ ಗಾಬರಿಯಾಗಬೇಡಿ.

ಡಿಸೆಂಬರ್‌ನಲ್ಲಿ ಅಲ್ಲಿ ಹಗಲು 29-30 ಡಿಗ್ರಿ, ರಾತ್ರಿ 22-24 ಡಿಗ್ರಿ ಇರುತ್ತದೆ. ಅಂದರೆ ಹಗಲಿಗೂ ರಾತ್ರಿಗೂ ವ್ಯತ್ಯಾಸ ಆರೇಳು ಡಿಗ್ರಿ ಅಷ್ಟೇ. ನಮ್ಮ ಕಡೆ ಮಧ್ಯಾಹ್ನ ಬಿಸಿಲಿಗೆ ಬೆವರಿ, ಬೆಳಗಿನ ಜಾವ ಹೊಲದಲ್ಲಿ ಬೆಂಕಿ ಹಾಕಿಕೊಂಡು ಕೂರುವ ದಿನಗಳು ಅವು. ವಿಜಯಪುರದಲ್ಲಿ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದೂ ಉಂಟು. ನಮ್ಮ ಗಾಳಿಯಲ್ಲಿ ಪಸೆ ಇಲ್ಲ, ಆಕಾಶದಲ್ಲಿ ಮೋಡ ಇಲ್ಲ. ಹಗಲು ಕಾದ ನೆಲ ರಾತ್ರಿ ಎಲ್ಲ ಶಾಖವನ್ನೂ ಬಿಟ್ಟುಕೊಡುತ್ತದೆ. ದ್ವೀಪದ ಸುತ್ತ ಇರುವುದು 27-28 ಡಿಗ್ರಿಯ ನೀರು. ಅದು ಅಷ್ಟು ಬೇಗ ತಣ್ಣಗಾಗುವುದಿಲ್ಲ, ದ್ವೀಪವನ್ನೂ ತಣ್ಣಗಾಗಲು ಬಿಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಸಮುದ್ರಕ್ಕೆ ಇಳಿದರೂ ನಿಮ್ಮ ತಾಯಿಗೆ ನೀರು ಬೆಚ್ಚಗೇ ಅನ್ನಿಸುತ್ತದೆ. ತೆಳು ಹತ್ತಿ ಬಟ್ಟೆ ಜಾಸ್ತಿ ಇಟ್ಟುಕೊಳ್ಳಿ. ಒದ್ದೆ ಬಟ್ಟೆ ಅಲ್ಲಿ ಬೇಗ ಒಣಗುವುದಿಲ್ಲ.

ನೀವು ನಿಜವಾಗಿ ಯೋಚಿಸಬೇಕಾದ್ದು ಗಾಳಿಯ ಬಗ್ಗೆ.

ನಮ್ಮಲ್ಲಿ ಹಿಂಗಾರಿ ಅಂದರೆ ಬಿಳಿಜೋಳದ ಬಿತ್ತನೆಗೆ ಬೇಕಾದ ನಾಲ್ಕು ಮಳೆ. ದೀಪಾವಳಿ ದಾಟಿದರೆ ಮೋಡ ನೋಡುವುದನ್ನೇ ಬಿಡುತ್ತೇವೆ. ಅದೇ ಹಿಂಗಾರು ಗಾಳಿ ಅಂಡಮಾನ್‌ಗೆ ಬರುವುದು ಬಂಗಾಳ ಕೊಲ್ಲಿಯ ನೀರಿನ ಮೇಲಿನಿಂದ. ಅಲ್ಲಿ ನವೆಂಬರ್ ಅಂದರೆ ಇನ್ನೂ ಮಳೆಗಾಲವೇ. ಡಿಸೆಂಬರ್ ಅದರ ಬಾಲ. ಒಂದು ವರ್ಷ ಬಾಲ ಮೋಟು, ಇನ್ನೊಂದು ವರ್ಷ ಉದ್ದ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರು ಅದು. ನಮ್ಮದು 600ರ ಆಸುಪಾಸು. ಹಾಗಂತ ದಿನವಿಡೀ ಸುರಿಯುತ್ತದೆ ಅಂದುಕೊಳ್ಳಬೇಡಿ. ಒಂದು ಜೋರು ಮಳೆ, ಆಮೇಲೆ ಬಿಸಿಲು, ಹೀಗೆ ದಿನ ಕಳೆಯುತ್ತದೆ.

ಗೋವಾ ನೋಡಿದವರು ಎಡವುವುದು ಇಲ್ಲೇ. ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿಗೆ ಗೋವಾದ ಬೆನ್ನ ಹಿಂದೆ ಸಹ್ಯಾದ್ರಿ ಅಡ್ಡ ನಿಂತಿದೆ. ಅದಕ್ಕೇ ಅಲ್ಲಿ ಡಿಸೆಂಬರ್ ಸಮುದ್ರ ಕೆರೆಯ ಹಾಗೆ ಇರುತ್ತದೆ. ಅಂಡಮಾನ್‌ಗೆ ಅಂಥ ಗೋಡೆ ಇಲ್ಲ. ದ್ವೀಪದ ಯಾವ ಬದಿಯಲ್ಲಿ ನಿಂತಿದ್ದೀರಿ ಅನ್ನುವುದೇ ಅಲ್ಲಿ ಮುಖ್ಯ. ಹ್ಯಾವ್‌ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ಕಾಲಾಪತ್ಥರ್ ಬೀಚ್ ಪೂರ್ವಕ್ಕಿದೆ. ಅಲ್ಲಿ ಗಾಳಿ ಎದುರಿಗೇ ಬಡಿಯುತ್ತದೆ. ರಾಧಾನಗರ ಬೀಚ್ ಪಶ್ಚಿಮಕ್ಕಿದೆ, ಕಾಡಿನ ಮರೆಯಲ್ಲಿ. ಒಂದೇ ದಿನ ಎರಡೂ ಕಡೆ ಹೋದರೆ ಎರಡು ಬೇರೆ ಸಮುದ್ರ ನೋಡಿದ ಹಾಗಾಗುತ್ತದೆ. ರಾಧಾನಗರಕ್ಕೆ ಜೆಟ್ಟಿಯಿಂದ ರಸ್ತೆಯಲ್ಲೇ ಹೋಗಬಹುದು, ತಾಯಿಗೆ ಅದೇ ಅನುಕೂಲ. ಎಲಿಫೆಂಟ್ ಬೀಚ್‌ಗೆ ಹೆಚ್ಚಿನವರು ಹೋಗುವುದು ಚಿಕ್ಕ ಸ್ಪೀಡ್ ಬೋಟ್‌ನಲ್ಲಿ. ಅದು ಅಲೆಯ ಮೇಲೆ ಕುಕ್ಕುವ ರೀತಿಗೆ ಸೊಂಟ ಗಟ್ಟಿ ಇದ್ದವರೇ ನರಳುತ್ತಾರೆ. ತಾಯಿಯನ್ನು ಅದರಲ್ಲಿ ಕೂರಿಸಬೇಡಿ.

ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್ ಇರುವುದು ಈಶಾನ್ಯಕ್ಕೆ. ಅಂದರೆ ಹೋಗುವಾಗ ಹಡಗು ಗಾಳಿಗೆ ಎದೆ ಕೊಟ್ಟು ನಡೆಯಬೇಕು, ಬರುವಾಗ ಗಾಳಿ ಹಿಂದಿನಿಂದ ತಳ್ಳುತ್ತದೆ. ವಾಂತಿ ಆಗುವುದು ಹೆಚ್ಚಾಗಿ ಹೋಗುವಾಗಲೇ. ಬೆಳಗಿನ ಮೊದಲ ಹಡಗು ಹಿಡಿಯಿರಿ. ಸಾಧ್ಯವಾದರೆ ನಡುವಿನ ಇಲ್ಲವೇ ಹಿಂದಿನ ಸೀಟು ತೆಗೆದುಕೊಳ್ಳಿ, ಮೂತಿಯ ಕಡೆ ಕುಲುಕಾಟ ಜಾಸ್ತಿ. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಪ್ರಯೋಜನವಿಲ್ಲ. ತಾಯಿಗೆ ಬಿಪಿ, ಸಕ್ಕರೆ ಕಾಯಿಲೆ ಏನಾದರೂ ಇದ್ದರೆ ಯಾವ ಮಾತ್ರೆ ಅನ್ನುವುದನ್ನು ಊರಲ್ಲೇ ಡಾಕ್ಟರ್‌ಗೆ ಕೇಳಿಕೊಂಡು ಹೊರಡಿ. ಇನ್ನು ಬೆಳಿಗ್ಗೆ ಗಡದ್ದಾಗಿ ಪೂರಿ ತಿಂದು ಹಡಗು ಹತ್ತುವವರಿಗೆ ನಾನು ಏನೂ ಹೇಳುವುದಿಲ್ಲ.

ಚಂಡಮಾರುತದ ಮಾತು. ಡಿಸೆಂಬರ್‌ನಲ್ಲಿ ಅದು ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. 2016ರ ಡಿಸೆಂಬರ್‌ನಲ್ಲಿ ಮುಂದೆ ವರ್ದಾ ಚಂಡಮಾರುತವಾದ ವಾಯುಭಾರ ಕುಸಿತ ಅಂಡಮಾನ್ ಪಕ್ಕದಲ್ಲೇ ಬೀಡುಬಿಟ್ಟಿತ್ತು. ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ನೌಕಾಪಡೆ, ಕರಾವಳಿ ಕಾವಲು ಪಡೆಯ ಹಡಗುಗಳು ಹೋಗಿ ಅವರನ್ನು ಕರೆತಂದವು. 2019ರ ಜನವರಿಯಲ್ಲಿ ಪಾಬುಕ್ ಚಂಡಮಾರುತ ಥೈಲ್ಯಾಂಡ್ ದಾಟಿ ಅಂಡಮಾನ್ ಸಮುದ್ರಕ್ಕೆ ಬಂದಿತ್ತು. ಇದರಿಂದ ಹೆದರಿ ಪ್ರವಾಸ ರದ್ದು ಮಾಡಬೇಕಿಲ್ಲ. ಕೊನೆಯ ರಾತ್ರಿ ಮಾತ್ರ ಪೋರ್ಟ್ ಬ್ಲೇರ್‌ನಲ್ಲೇ ಇರಿ, ಹ್ಯಾವ್‌ಲಾಕ್‌ನಲ್ಲಿ ಅಲ್ಲ. ಹಡಗು ನಿಂತರೆ ಅದರ ಹಿಂದೆಯೇ ವಿಮಾನವೂ ತಪ್ಪುತ್ತದೆ. ಸೆಲ್ಯುಲರ್ ಜೈಲನ್ನು ಆ ಕೊನೆಯ ದಿನಕ್ಕೇ ಇಟ್ಟುಕೊಂಡರೆ ದಿನವೂ ವ್ಯರ್ಥವಾಗುವುದಿಲ್ಲ. ಹೊರಡುವ ವಾರ ಹವಾಮಾನ ಇಲಾಖೆಯ ಸೂಚನೆ ಮತ್ತು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಅಲೆಯ ಎತ್ತರದ ಮುನ್ಸೂಚನೆ ನೋಡಿ. ನನ್ನ ಲೆಕ್ಕ ಇಷ್ಟೇ: ಅಲೆ 1 ಮೀಟರ್ ಒಳಗಿದ್ದರೆ ಆರಾಮ. 2 ಮೀಟರ್ ದಾಟಿದರೆ ತಾಯಿಯ ಜೊತೆ ಹೋಟೆಲ್‌ನಲ್ಲೇ ಚಹಾ ಕುಡಿಯುವುದು ಲೇಸು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಅಲ್ಲಿ ಡಿಸೆಂಬರ್‌ನಲ್ಲಿ ಸಂಜೆ 5ಕ್ಕೇ ಸೂರ್ಯ ಮುಳುಗುತ್ತಾನೆ! ಗಡಿಯಾರ ನಮ್ಮದೇ, ಆದರೆ ಊರು ನಮಗಿಂತ ಎಷ್ಟೋ ಪೂರ್ವಕ್ಕಿದೆ. ಬೆಳಗಾಗುವುದೂ ಐದೂವರೆಗೆ. ಊಟ ಮುಗಿಸಿ, ಒಂದು ನಿದ್ದೆ ತೆಗೆದು, ನಾಲ್ಕೂವರೆಗೆ ಬೀಚ್‌ಗೆ ಹೊರಟರೆ ಕತ್ತಲೆಗೆ ತಲುಪುತ್ತೀರಿ.

ನೀಲ್ ದ್ವೀಪದ ಲಕ್ಷ್ಮಣಪುರದಲ್ಲಿ ಕಲ್ಲಿನ ಸೇತುವೆಯಂಥ ರಚನೆ ಇದೆ. ನೀರು ಇಳಿದಾಗ ಮಾತ್ರ ಅಲ್ಲಿಗೆ ನಡೆದು ಹೋಗಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರಿ, ಜಾಸ್ತಿ ಇಳಿಯುತ್ತದೆ. ನೀವು ಹೋಗುವ ದಿನಗಳು ಎಳ್ಳ ಅಮಾವಾಸ್ಯೆಗೆ ಹತ್ತಿರ ಬಂದರೆ ಆ ಜಾಗ ಚೆನ್ನಾಗಿ ಕಾಣುತ್ತದೆ. ಹೊಲದಲ್ಲಿ ಚರಗ ಚೆಲ್ಲುವುದು ತಪ್ಪುತ್ತದೆ ಅಂತ ತಾಯಿ ಬೈದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ತಾರೀಖು ಬದಲಿಸುವ ಹಾಗಿದ್ದರೆ ನಾನು ಹೇಳುವುದು ಫೆಬ್ರುವರಿ. ಸಂಕ್ರಾಂತಿಗೆ ನಮ್ಮ ಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು ಹೊರಡಿ. ಅಷ್ಟು ಹೊತ್ತಿಗೆ ಮಳೆ ಬಹುತೇಕ ನಿಂತಿರುತ್ತದೆ, ಗಾಳಿ ಇಳಿದಿರುತ್ತದೆ, ನೀರು ತಿಳಿಯಾಗಿ ಹವಳ ಚೆನ್ನಾಗಿ ಕಾಣುತ್ತದೆ. ಹೊಸ ವರ್ಷದ ಗದ್ದಲವೂ ಇಳಿದಿರುತ್ತದೆ. ಮಕ್ಕಳ ಶಾಲೆಯ ರಜೆ ಸಿಗುವುದು ಡಿಸೆಂಬರ್‌ನಲ್ಲೇ ಅಂದರೆ ಮೂರನೇ ವಾರಕ್ಕಿಂತ ಕೊನೆಯ ವಾರ ಸ್ವಲ್ಪ ವಾಸಿ. ಆದರೆ ಆ ವಾರದ ಹಡಗಿನ ಟಿಕೆಟ್ ಈಗಲೇ ತೆಗೆಯಿರಿ, ವಿಮಾನದ ಟಿಕೆಟ್‌ಗಿಂತ ಅದು ಬೇಗ ಖಾಲಿಯಾಗುತ್ತದೆ.