ಲ್ಯಾಪ್ರೊಸ್ಕೋಪಿ ಮಾಡುವಾಗ ಹೆಬ್ಬೆರಳು ಜೋಮು ಹಿಡಿಯುತ್ತದೆ, ತಪ್ಪು ನನ್ನ ಕೈಯದ್ದಾ?

ನೀವು ಸರ್ಜರಿ ಪಿಜಿ ಮಾಡುತ್ತಿದ್ದೀರಿ, ಲ್ಯಾಪ್ರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾದಲ್ಲಿ ನೋಡುತ್ತಾ ಉದ್ದದ ಉಪಕರಣಗಳಿಂದ ಮಾಡುವ ಆಪರೇಷನ್) ಕಲಿಯಲು ಶುರು ಮಾಡಿ ಆರು ತಿಂಗಳಾಯಿತು ಅಂದಿರಿ. ಕೇಸ್ ಮುಗಿಯುವಷ್ಟರಲ್ಲಿ ಬಲಗೈ ಹೆಬ್ಬೆರಳು ಜೋಮು ಹಿಡಿದಿರುತ್ತದೆ, ಭುಜ ಬಿಗಿದುಕೊಂಡಿರುತ್ತದೆ. ಸೀನಿಯರ್‌ಗಳು "ಅಭ್ಯಾಸ ಆಗುತ್ತೆ ಬಿಡು" ಅನ್ನುತ್ತಾರೆ. ನಿಮ್ಮ ಗ್ಲೌಸ್ ಸೈಜ್ 6, ಅಂದರೆ ಸಣ್ಣ ಕೈ. ಈ ಕೈ ಈ ಕೆಲಸಕ್ಕೆ ಆಗಿಬರುವುದಿಲ್ಲವೇನೋ, ಹೊಟ್ಟೆ ಕೊಯ್ದು ಮಾಡುವ ಓಪನ್ ಸರ್ಜರಿಗೇ ಉಳಿದುಬಿಡಲಾ ಅಂತ ಕೇಳಿದ್ದೀರಿ.

ಆಗಿಬರುತ್ತದೆ. ನನ್ನದೂ 6ನೇ ಸೈಜೇ. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ನಾನೂ ನನ್ನ ಕೈಯನ್ನೇ ಬೈದುಕೊಂಡೆ. ಒಂದು ದಿನ ಕಷ್ಟದ ಪಿತ್ತಕೋಶದ ಆಪರೇಷನ್ ಮುಗಿಸಿ ಗ್ಲೌಸ್ ಬಿಚ್ಚಿದೆ. ಹೆಬ್ಬೆರಳಿನ ಬುಡದಲ್ಲಿ ಹ್ಯಾಂಡಲ್‌ನ ಉಂಗುರದ ಗುರುತು ಕೆಂಪಗೆ ಒತ್ತಿ ಕೂತಿತ್ತು. ನೋಟ್ಸ್ ಬರೆಯೋಣ ಅಂತ ಪೆನ್ ಹಿಡಿದರೆ, ಕೈಯಲ್ಲಿ ಪೆನ್ ಇರುವುದು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಅವತ್ತು ಹೆದರಿದೆ. ಆಮೇಲೆಯೇ ನೋವು ಎಲ್ಲಿಂದ ಬರುತ್ತಿದೆ ಅಂತ ಒಂದೊಂದಾಗಿ ಹುಡುಕಲು ಶುರು ಮಾಡಿದ್ದು.

ಮೊದಲು ಹೆಬ್ಬೆರಳಿನ ವಿಷಯ. ಹೆಬ್ಬೆರಳಿನ ಎರಡೂ ಪಕ್ಕದಲ್ಲಿ ಸ್ಪರ್ಶದ ನರಗಳು ಚರ್ಮದ ಕೆಳಗೇ ಹೋಗುತ್ತವೆ. ಹೆಬ್ಬೆರಳನ್ನು ಉಂಗುರದೊಳಗೆ ಬುಡದವರೆಗೂ ತೂರಿಸಿ ಗಂಟೆಗಟ್ಟಲೆ ಒತ್ತಿದರೆ ಉಂಗುರದ ಅಂಚು ಸೀದಾ ಆ ನರದ ಮೇಲೆ ಕೂರುತ್ತದೆ. ಅದಕ್ಕೇ ಜೋಮು. ಬೆರಳಿನ ತುದಿಯ ಮೆತ್ತನೆ ಭಾಗ ಮಾತ್ರ ಉಂಗುರದಲ್ಲಿ ಇರಲಿ, ಮೊದಲ ಗಂಟು ದಾಟಬಾರದು. ಪಿತ್ತಕೋಶದ ತುದಿಯನ್ನು ಮೇಲಕ್ಕೆತ್ತಿ ಹಿಡಿದಿರುವಂಥ ಕೆಲಸಕ್ಕೆ ರ‍್ಯಾಚೆಟ್ (ಹಿಡಿಕೆಯ ಲಾಕ್) ಹಾಕಿ ಬೆರಳನ್ನು ಬಿಡಿಸಿಕೊಳ್ಳಿ. ಲಾಕ್ ಹಿಡಿದುಕೊಂಡಿರುವಾಗ ನೀವೂ ಸುಮ್ನೆ ಹಿಸುಕುತ್ತಾ ನಿಲ್ಲುವ ಅಗತ್ಯವಿಲ್ಲ. ಜಾಸ್ತಿ ಬಲ ಬೇಕಾದಾಗ ಹೆಬ್ಬೆರಳನ್ನು ಉಂಗುರದಿಂದ ಪೂರ್ತಿ ತೆಗೆದು, ಅಂಗೈಯ ಉಬ್ಬಿನಿಂದ ಹ್ಯಾಂಡಲ್ ಒತ್ತಿ. ಮೊದಮೊದಲು ವಿಚಿತ್ರ ಅನಿಸುತ್ತದೆ. ಎರಡು ವಾರದಲ್ಲಿ ಕೈಗೆ ಕೂರುತ್ತದೆ.

ಇಷ್ಟು ಬಲ ಯಾಕೆ ಬೇಕು ಅಂತ ನಿಮಗೂ ಅನಿಸಿರಬೇಕು, ಅಲ್ವಾ? ಓಪನ್ ಸರ್ಜರಿಯ ಆರ್ಟರಿ ಫೋರ್ಸೆಪ್ಸ್‌ನಲ್ಲಿ (ರಕ್ತನಾಳ ಹಿಡಿಯುವ ಚಿಮಟ) ಕೀಲು ತುದಿಗೆ ಹತ್ತಿರ ಇರುತ್ತದೆ, ಹಿಡಿಕೆ ಉದ್ದ. ಹಾಗಾಗಿ ಬೆರಳು ಹಾಕಿದ ಬಲ ತುದಿಯಲ್ಲಿ ಹೆಚ್ಚಾಗಿ ಸಿಗುತ್ತದೆ. ಲ್ಯಾಪ್ರೊಸ್ಕೋಪಿಯಲ್ಲಿ ಅಂಗ ಹಿಡಿಯುವ ಉಪಕರಣವಾದ ಗ್ರಾಸ್ಪರ್‌ನಲ್ಲಿ ಇದು ತಿರುಗುಮುರುಗು. ಬಲ ಉದ್ದದ ಸಪೂರ ಕಡ್ಡಿಯ ಮೂಲಕ ಸಾಗಿ, ಪುಟ್ಟ ಕೀಲುಗಳನ್ನು ದಾಟಿ, ತುದಿ ತಲುಪುವಷ್ಟರಲ್ಲಿ ಸೋರಿಹೋಗಿರುತ್ತದೆ. ಉಪಕರಣ ಒಳಹೋಗಲು ಹೊಟ್ಟೆಗೆ ಹಾಕುವ ಕೊಳವೆಯಾದ ಪೋರ್ಟ್‌ನ ರಬ್ಬರ್ ವಾಲ್ವ್ ಕೂಡ ಉಪಕರಣವನ್ನು ಹಿಡಿದೆಳೆಯುತ್ತದೆ. ಒಳಗಿನ ಅಂಗ ಗಟ್ಟಿಯಾ ಮೆತ್ತಗಾ ಅನ್ನುವುದು ಬೆರಳಿಗೆ ಸರಿಯಾಗಿ ತಿಳಿಯುವುದಿಲ್ಲ. ತಿಳಿಯದಿದ್ದಾಗ ಕೈ ತಾನಾಗಿಯೇ ಬೇಕಿದ್ದಕ್ಕಿಂತ ಜಾಸ್ತಿ ಹಿಸುಕುತ್ತದೆ. ಕಲಿಯುವವರ ಕೈಯಲ್ಲಿ ನಾನು ದಿನಾ ನೋಡುವುದು ಇದನ್ನೇ.

ಈಗ ಟೇಬಲ್. ಹೆಬ್ಬೆರಳಿಗಿಂತಲೂ ದೊಡ್ಡ ವಿಷಯ ಇದು, ನಿಮ್ಮ ಭುಜದ ನೋವಿನ ಬೇರು ಬಹುಶಃ ಇಲ್ಲೇ ಇದೆ. ಓಪನ್ ಸರ್ಜರಿಯಲ್ಲಿ ರೋಗಿಯ ಹೊಟ್ಟೆ ನಮ್ಮ ಮೊಣಕೈ ಮಟ್ಟಕ್ಕೆ ಬರುವ ಹಾಗೆ ಟೇಬಲ್ ಇಟ್ಟು ರೂಢಿ. ಲ್ಯಾಪ್ರೊಸ್ಕೋಪಿಯಲ್ಲಿ ಅದೇ ಎತ್ತರ ಇಟ್ಟರೆ ಕೆಟ್ಟಿತು. ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿರುತ್ತದೆ, ಅದರ ಮೇಲೆ 33-36 ಸೆಂ.ಮೀ. ಉದ್ದದ ಉಪಕರಣದ ಅರ್ಧ ಭಾಗ ಹೊರಗೆ ನಿಂತಿರುತ್ತದೆ. ಹಿಡಿಕೆ ಎದೆಮಟ್ಟಕ್ಕೆ ಬಂದುಬಿಡುತ್ತದೆ. ಅದನ್ನು ಹಿಡಿಯಲು ಮೊಣಕೈ ರೆಕ್ಕೆಯ ಹಾಗೆ ಪಕ್ಕಕ್ಕೆ ಏಳುತ್ತದೆ, ಇಡೀ ತೋಳಿನ ಭಾರ ಭುಜದ ಮೇಲೆ ಬೀಳುತ್ತದೆ. ಹಾಗೆ ಎರಡು ಗಂಟೆ ನಿಂತರೆ ಯಾರ ಭುಜ ತಾನೇ ಉಳಿಯುತ್ತದೆ?

ಮೊಣಕೈ ಮಟ್ಟಕ್ಕೆ ಬರಬೇಕಾದದ್ದು ಹಿಡಿಕೆ, ಹೊಟ್ಟೆಯಲ್ಲ. ಮೊಣಕೈ ಮಡಿಕೆ 90ರಿಂದ 120 ಡಿಗ್ರಿ, ತೋಳು ಮೈಗೆ ಹತ್ತಿರ. ಇದಕ್ಕೆ ಟೇಬಲ್ ನೆಲದಿಂದ ಸುಮಾರು 64ರಿಂದ 77 ಸೆಂ.ಮೀ. ಎತ್ತರದಲ್ಲಿರಬೇಕು ಅಂತ ಅಧ್ಯಯನ ಮಾಡಿದವರು ಹೇಳಿದ್ದಾರೆ. ಎಷ್ಟೋ ಟೇಬಲ್‌ಗಳು ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ಆಗ ಮೆಟ್ಟಿಲು ಹಾಕಿಕೊಂಡು ನಿಲ್ಲಬೇಕು. ನನಗೆ ಇದನ್ನು ಕಲಿಸಿದ್ದು ಥಿಯೇಟರ್ ಸಿಸ್ಟರ್ ಒಬ್ಬರು. ಎತ್ತರದ ಸೀನಿಯರ್‌ಗೆ ಹೊಂದಿಸಿದ್ದ ಟೇಬಲ್ ಮುಂದೆ ನಾನು ತುದಿಗಾಲಲ್ಲಿ ಒದ್ದಾಡುತ್ತಿದ್ದೆ. ಅವರು ಮಾತಿಲ್ಲದೆ ಒಂದರ ಪಕ್ಕ ಒಂದು ಎರಡು ಮೆಟ್ಟಿಲು ತಂದಿಟ್ಟರು, ಕರೆಂಟಿನ ಉಪಕರಣಕ್ಕೆ ಕಾಲಿನಿಂದ ಒತ್ತುವ ಪೆಡಲನ್ನೂ ಮೇಲೆ ಎತ್ತಿಟ್ಟರು. "ಡಾಕ್ಟ್ರೇ, ಮೊಣಕೈ ಇಳಿಸಿ" ಅಂದರು. ಅಷ್ಟೇ. ಅವತ್ತು ಸಂಜೆ ಭುಜ ನೋಯಲಿಲ್ಲ. ಅವರಿಗೆ ಇವತ್ತಿಗೂ ಋಣಿ ನಾನು.

ಪೆಡಲ್ ಎತ್ತಿಟ್ಟದ್ದನ್ನು ಗಮನಿಸಿ. ನೀವು ಮೆಟ್ಟಿಲ ಮೇಲೆ, ಪೆಡಲ್ ಕೆಳಗೆ ಅಂತಾದರೆ ಒಂಟಿಗಾಲಲ್ಲಿ ನಿಂತು ಕೆಲಸ ಮಾಡಿದ ಹಾಗೆ. ಸೊಂಟಕ್ಕೂ ಒಳ್ಳೆಯದಲ್ಲ, ರೋಗಿಗೂ ಅಲ್ಲ.

ಇನ್ನೊಂದು ಮಾತು. ಟೇಬಲ್ ಎತ್ತರವನ್ನು ಶುರುವಿನಲ್ಲಿ ಒಮ್ಮೆ ನೋಡಿ ಬಿಡಬೇಡಿ. ಪಿತ್ತಕೋಶಕ್ಕೆ ತಲೆ ಕಡೆ ಎತ್ತಿ ಎಡಕ್ಕೆ ಓರೆ ಮಾಡುತ್ತಾರಲ್ಲ, ಆಗ ಎಲ್ಲ ಲೆಕ್ಕವೂ ಬದಲಾಗುತ್ತದೆ. ಓರೆ ಮಾಡಿ, ಉಪಕರಣ ಒಳಗಿಟ್ಟು, ಕಣ್ಣು ಮಾನಿಟರ್ ಮೇಲಿಟ್ಟು ಭುಜ ಸಡಿಲ ಬಿಡಿ. ಕೈ ಎಲ್ಲಿ ಇಳಿಯುತ್ತದೋ ಹಿಡಿಕೆ ಅಲ್ಲಿರಬೇಕು. ಇಲ್ಲದಿದ್ದರೆ ಅನಸ್ತೀಸಿಯಾದವರಿಗೆ ಹೇಳಿ ಟೇಬಲ್ ಇಳಿಸಿಕೊಳ್ಳಿ. ಕೇಳಲು ಸಂಕೋಚ ಬೇಡ.

ಮಾನಿಟರ್ ನಿಮ್ಮ ಎದುರಿಗೇ ಇರಲಿ. ನೀವು, ಆಪರೇಷನ್ ಜಾಗ, ಪರದೆ ಮೂರೂ ಒಂದೇ ಸಾಲಿನಲ್ಲಿ. ಪರದೆ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, 10ರಿಂದ 25 ಡಿಗ್ರಿ. ಟ್ರಾಲಿಯ ತುತ್ತತುದಿಯಲ್ಲಿ ಕೂತ ಮಾನಿಟರನ್ನು ಕತ್ತೆತ್ತಿ ನೋಡುತ್ತಾ ನಿಂತರೆ ಕುತ್ತಿಗೆ ನೋವು ಖಂಡಿತ.

ಪೋರ್ಟ್ ಎಲ್ಲಿ ಹಾಕುತ್ತೀರಿ ಅನ್ನುವುದೂ ನಿಮ್ಮ ಭುಜವನ್ನು ತೀರ್ಮಾನಿಸುತ್ತದೆ. ಉಪಕರಣ ಪೋರ್ಟ್‌ನಲ್ಲಿ ಏತದ ಮರದ ಹಾಗೆ ತಿರುಗುತ್ತದೆ. ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ. ಅರ್ಧ ಒಳಗೆ, ಅರ್ಧ ಹೊರಗೆ ಇದ್ದರೆ ಕೈ ಎಷ್ಟು ಚಲಿಸಿತೋ ತುದಿಯೂ ಅಷ್ಟೇ. ಮೂರನೇ ಒಂದು ಭಾಗ ಮಾತ್ರ ಒಳಗಿದ್ದರೆ ತುದಿ 1 ಸೆಂ.ಮೀ. ಸರಿಯಲು ಕೈ 2 ಸೆಂ.ಮೀ. ಓಡಾಡಬೇಕು. ಇಡೀ ಆಪರೇಷನ್‌ನಲ್ಲಿ ಇದೆಷ್ಟಾಯಿತು ಯೋಚಿಸಿ. ಎರಡು ಉಪಕರಣಗಳ ನಡುವಿನ ಕೋನ 60 ಡಿಗ್ರಿ ಆಸುಪಾಸು ಇದ್ದರೆ ಒಳಗೆ ಗಂಟು ಹಾಕುವುದು ಸಲೀಸು. ತೀರಾ ಹತ್ತಿರ ಹಾಕಿದರೆ ಕೈ ಕೈಗೆ ಬಡಿಯುತ್ತದೆ, ತೀರಾ ದೂರವಾದರೆ ಮತ್ತೆ ಮೊಣಕೈ ರೆಕ್ಕೆಯಾಗುತ್ತದೆ.

ಸಣ್ಣ ಕೈ ಬಗ್ಗೆ ನೇರವಾಗಿ ಹೇಳುತ್ತೇನೆ. 726 ಲ್ಯಾಪ್ರೊಸ್ಕೋಪಿ ಸರ್ಜನ್‌ಗಳನ್ನು ಕೇಳಿ 2004ರಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. 6.5 ಅಥವಾ ಅದಕ್ಕಿಂತ ಚಿಕ್ಕ ಗ್ಲೌಸ್ ಹಾಕುವವರಿಗೆ ಉಪಕರಣಗಳ ಜೊತೆ ತೊಂದರೆ ಜಾಸ್ತಿ ಅಂತ ಅದರಲ್ಲಿ ಕಂಡಿತು. ಅಂದರೆ ಹ್ಯಾಂಡಲ್‌ಗಳನ್ನು ಮಾಡಿದವರ ಮನಸ್ಸಿನಲ್ಲಿ ನಮ್ಮಂಥವರ ಕೈ ಇರಲಿಲ್ಲ. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ. ಗ್ಲೌಸನ್ನು ಅರ್ಧರ್ಧ ಸೈಜಿನ ಲೆಕ್ಕದಲ್ಲಿ ಮಾಡುತ್ತಾರೆ, ಆ ಗ್ಲೌಸ್ ಹಾಕಿದ ಕೈ ಹಿಡಿಯುವ ಹ್ಯಾಂಡಲ್ ಮಾತ್ರ ಎಲ್ಲರಿಗೂ ಒಂದೇ. ಅಂಗಾಂಶಕ್ಕೆ ಪಿನ್ ಹೊಡೆದು ಸೇರಿಸುವ ಸ್ಟೇಪ್ಲರ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಅದರ ಒತ್ತುವ ಹಿಡಿ ತೆರೆದಾಗ ನನ್ನ ಬೆರಳ ತುದಿ ಮಾತ್ರ ಅದಕ್ಕೆ ಎಟುಕುತ್ತದೆ, ಒಂದೇ ಕೈಯಲ್ಲಿ ಒತ್ತಿದರೆ ತುದಿ ನಡುಗುತ್ತದೆ. ನಾನು ಎರಡೂ ಕೈ ಹಾಕುತ್ತೇನೆ. ಎಡಗೈಯ ಗ್ರಾಸ್ಪರನ್ನು ಅಸಿಸ್ಟೆಂಟ್ ಕೈಗೆ ಕೊಟ್ಟು, ತುದಿ ಅಲುಗದಂತೆ ಹಿಡಿದು, ನಿಧಾನವಾಗಿ ಒತ್ತುತ್ತೇನೆ. ಮೋಟಾರ್ ಇರುವ ಸ್ಟೇಪ್ಲರ್ ಸಿಕ್ಕರೆ ಇನ್ನೂ ಒಳ್ಳೆಯದು, ಫೈರ್ ಮಾಡುವ ಬಲ ಕೈಯಿಂದ ಹೋಗಬೇಕಿಲ್ಲ. ಹೊಲಿಗೆಗೆ ಉಂಗುರವಿಲ್ಲದ ನೇರ ಹಿಡಿಕೆಯ ನೀಡಲ್ ಹೋಲ್ಡರ್ ಕೇಳಿ ತೆಗೆದುಕೊಳ್ಳಿ. ಅಂಗೈಯಲ್ಲಿ ಕೂರುತ್ತದೆ, ಮಣಿಕಟ್ಟು ಬಗ್ಗಿಸಬೇಕಾಗಿಲ್ಲ.

"ಅಭ್ಯಾಸ ಆಗುತ್ತೆ" ಅನ್ನುವ ಸೀನಿಯರ್‌ಗಳ ಮಾತನ್ನು ನಾನು ಒಪ್ಪುವುದಿಲ್ಲ. ಉತ್ತರ ಅಮೆರಿಕದಲ್ಲಿ 317 ಸರ್ಜನ್‌ಗಳನ್ನು ಕೇಳಿದ 2010ರ ಸಮೀಕ್ಷೆಯಲ್ಲಿ ಸುಮಾರು 87% ಮಂದಿ ತಮಗೆ ಮೈಕೈ ನೋವು, ಜೋಮಿನಂಥ ತೊಂದರೆ ಇದೆ ಅಂದಿದ್ದರು. ಅನುಭವದಿಂದ ಕೈಚಳಕ ಬರುತ್ತದೆ, ಆದರೆ ನರದ ಮೇಲಿನ ಒತ್ತಡ ಕಡಿಮೆಯಾಗುವುದಿಲ್ಲ.

ರೋಬೋಟ್ ಬಂದರೆ ಇದೆಲ್ಲ ಹೋಗುತ್ತದಾ ಅಂತಲೂ ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ. ಕೂತು ಮಾಡಬಹುದು, ತುದಿ ಮಣಿಕಟ್ಟಿನ ಹಾಗೆ ತಿರುಗುತ್ತದೆ, ಕೈನಡುಕವನ್ನು ಯಂತ್ರ ಸೋಸುತ್ತದೆ. ಆದರೆ ರೋಬೋಟ್ ನಡೆಸುವ ಕನ್ಸೋಲ್‌ಗೆ ತಲೆ ಬಗ್ಗಿಸಿ ಕೂತವರಿಗೆ ಕುತ್ತಿಗೆ ನೋವು ತಪ್ಪಿಲ್ಲ. ಅಲ್ಲೂ ಸೀಟು, ಕಣ್ಣಿನ ಎತ್ತರ, ಕೈ ಊರುವ ಪಟ್ಟಿ ಎಲ್ಲವನ್ನೂ ಹೊಂದಿಸಿಕೊಳ್ಳಲೇಬೇಕು.

ಉದ್ದದ ಕೇಸ್‌ಗಳಲ್ಲಿ ನಡುವೆ ಬಿಡುವು ತೆಗೆದುಕೊಳ್ಳಿ. ಜರ್ಮನಿಯ ಹ್ಯಾನೋವರ್‌ನಲ್ಲಿ ಮಕ್ಕಳ ಲ್ಯಾಪ್ರೊಸ್ಕೋಪಿ ಮಾಡುವವರು ಪ್ರತಿ 25 ನಿಮಿಷಕ್ಕೊಮ್ಮೆ ಗ್ಯಾಸ್ ಬಿಟ್ಟು 5 ನಿಮಿಷ ನಿಲ್ಲಿಸಿ ನೋಡಿದ್ದರು. ಆಪರೇಷನ್ ಸಮಯವೇನೂ ಹೆಚ್ಚಾಗಲಿಲ್ಲ, ಸರ್ಜನ್‌ಗಳ ದಣಿವು ಕಡಿಮೆಯಾಯಿತು. ಅಷ್ಟಾಗದಿದ್ದರೆ ಒಂದು ನಿಮಿಷ ಸಾಕು. ಉಪಕರಣ ಕೆಳಗಿಟ್ಟು, ಸ್ಟೆರೈಲ್ ಆಗಿಯೇ ಇದ್ದು, ಭುಜ ಹಿಂದಕ್ಕೆಳೆದು ಬೆರಳು ಬಿಚ್ಚಿ ಮುಚ್ಚಿ.

ಒಂದು ಎಚ್ಚರಿಕೆ. ಕೇಸ್ ಮುಗಿದು ಅರ್ಧ ಗಂಟೆಯಲ್ಲಿ ಹೋಗುವ ಜೋಮು ಬೇರೆ. ಮರುದಿನ ಬೆಳಿಗ್ಗೆಯೂ ಉಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಹಿಡಿತ ಸಡಿಲವಾದರೆ ತಡಮಾಡದೆ ಕೈ ತಜ್ಞರಿಗೆ ತೋರಿಸಿ. ಮಣಿಕಟ್ಟಿನಲ್ಲಿ ನರ ಸಿಕ್ಕಿಕೊಂಡಿರಬಹುದು, ನೀವೇ ಬ್ಯಾಂಡೇಜ್ ಸುತ್ತಿಕೊಂಡು ಕೂರಬೇಡಿ.

ಮುಂದಿನ ಕೇಸಿನಲ್ಲಿ ಎರಡೇ ಬದಲಾವಣೆ ಮಾಡಿ. ಓರೆ ಮಾಡಿದ ಮೇಲೆ ಟೇಬಲ್ ಇಳಿಸಿ, ಹೆಬ್ಬೆರಳಿನ ತುದಿ ಮಾತ್ರ ಉಂಗುರದಲ್ಲಿಡಿ. ಮುಗಿದ ಮೇಲೆ ಬೆರಳು ಹೇಗಿದೆ, ನಿಮ್ಮ ಥಿಯೇಟರಿನಲ್ಲಿ ಯಾವ ಥರದ ಹ್ಯಾಂಡಲ್‌ಗಳಿವೆ ಅಂತ ಇಲ್ಲೇ ಬರೆಯಿರಿ. ನೋಡಿ ಮುಂದಿನದ್ದು ಹೇಳುತ್ತೇನೆ.